ಸಹಿಯ ಬಾಲ

ಕೋರ್ಟಿನ ಸುದ್ದಿ ಬರೆಯುವ ನನಗೆ ಪ್ರಾಮಿಸರಿ ನೋಟಿನ ದಾವೆಗಳ ದಾರಿ ಗೊತ್ತಿತ್ತು. ಸಾಲ ಪಡೆದವನು ಮೊದಲು ಸಹಿಯೇ ತನ್ನದಲ್ಲ ಎನ್ನುತ್ತಾನೆ. ತನ್ನ ವಕೀಲರಿಗೆ ಬರೆದುಕೊಡುವ ವಕಾಲತ್ತಿನ ಮೇಲೆ ಬೇರೆ ರೀತಿಯಲ್ಲಿ ಸಹಿ ಮಾಡಿರುತ್ತಾನೆ, ಹೋಲಿಸಿದರೂ ತಾಳೆಯಾಗಬಾರದೆಂದು.

ಇಸಳೂರಿನ ನಮ್ಮ ಮನೆಯಲ್ಲಿ ಅಣ್ಣ ಊಟ ಮುಗಿಸಿ ಹಳೇ ಪತ್ರಿಕೆಯ ಅಂಚಿನಲ್ಲಿ ತನ್ನ ಹೆಸರನ್ನು ಮತ್ತೆ ಮತ್ತೆ ಬರೆಯುತ್ತಿದ್ದುದನ್ನು ಕಂಡಾಗ ನನಗೆ ಅರ್ಥವಾಯಿತು. ಅವನ ಸಹಿಯ ಕೊನೆಗೆ ಉದ್ದನೆಯ ಬಾಲವಿರುತ್ತದೆ. ಈಗ ಅದಿರಲಿಲ್ಲ. ಅಪ್ಪ ತೀರಿದ ಮೇಲೆ ನನ್ನ ಶಾಲೆಯ ಅಂಕಪಟ್ಟಿಗಳಿಗೆಲ್ಲ ಆ ಬಾಲದ ಸಹಿಯನ್ನೇ ಅವನು ಹಾಕಿದ್ದ.

"'ಎನ್ನ ಸಹಿ ಅಲ್ಲ' ಹೇಳಿ ಹೇಳದು ತಮಾ. ಕೋರ್ಟಲ್ಲಿ ಎಲ್ಲ ಹಂಗೇ ಹೇಳ್ತ" ಎಂದ.

ಸಾಲ ಕೊಟ್ಟು ಈಗ ಅಣ್ಣನ ಮೇಲೆ ದಾವೆ ಹೂಡಿದ್ದವರು ಯಲ್ಲಾಪುರ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಸಾಬರು. ಅಣ್ಣನ ಗೂಡ್ಸ್ ಗಾಡಿಯ ಖರೀದಿಗೆ ಕೊಟ್ಟಿದ್ದ ಹಣ ಅದು. ಬಾಡಿಗೆಗಿದ್ದ ಗ್ಯಾರೇಜಿನ ಜಾಗವನ್ನು ಮಾಲೀಕರು ಮಾರಿದ್ದರಿಂದ ಅವರು ಬೇರೆ ಜಾಗಕ್ಕೆ ಮುಂಗಡ ಕೊಡಬೇಕಾಗಿತ್ತು. ಸಹಾಯ ಕೇಳಲು ನನ್ನ ಬಳಿಗೂ ಬಂದರು.

"ರೊಕ್ಕದ ಮಾತು ನೀವು ಆಡೋದೇ ಬೇಡ. ಸಹಿ ಅವರದು ಹೌದೋ ಅಲ್ವೋ, ಅಷ್ಟು ಹೇಳಿ ಸಾಕು. ಪೇಪರ್‌ನವ್ರು ಕಂಡಿದ್ದೇ ಬರೀತೀರಲ್ಲ."

ಕೋರ್ಟು ಕರೆದರೆ ಹೇಳುತ್ತೇನೆ ಎಂದೆ. ಯಾರ ಪಕ್ಷವನ್ನೂ ವಹಿಸದ ವರದಿಗಾರನ ಉತ್ತರ ಎಂದುಕೊಂಡಿದ್ದೆ. ಅಣ್ಣನಿಗೆ ಮನೆಯಲ್ಲಿ ಏನೂ ಹೇಳಲಿಲ್ಲ.

ಸಾಬರ ವಕೀಲರು ನನ್ನನ್ನು ಸಾಕ್ಷಿಯಾಗಿ ಕರೆಸುವ ಹೊತ್ತಿಗೆ ಬಹಳ ವಾಯಿದೆಗಳು ಕಳೆದಿದ್ದವು. ಸಮನ್ಸ್ ಬಂದಾಗ, ಇನ್ನು ನಾನು ಆಯ್ಕೆ ಮಾಡಬೇಕಾಗಿಲ್ಲವೆಂದು ನಿರಾಳವಾಯಿತು. ನಾಚಿಕೆಯಾಗುವುದು ಆ ನಿರಾಳಕ್ಕೆ.

ಕಟಕಟೆಯಲ್ಲಿ ಪ್ರಾಮಿಸರಿ ನೋಟು ತೋರಿಸಿದರು. ರೆವಿನ್ಯೂ ಸ್ಟಾಂಪಿನ ಮೇಲಿಂದ ಬಾಲ ಇಳಿದಿತ್ತು. ಅಣ್ಣನ ಸಹಿ ಎಂದೆ. ಅಣ್ಣನ ವಕೀಲರು ಎದ್ದು, ಅಣ್ಣನಿಗೂ ನಿಮಗೂ ಆಸ್ತಿಯ ತಕರಾರು ಇರುವುದರಿಂದ ಹೀಗೆ ಹೇಳುತ್ತಿದ್ದೀರಿ ಎಂದರು. ಅಂಥದ್ದೇನೂ ಇಲ್ಲವೆಂದೆ. ಬೆಂಚಿನಲ್ಲಿದ್ದ ಅಣ್ಣ ತಲೆ ಎತ್ತಲಿಲ್ಲ. ನನ್ನ ಜೊತೆಯ ವರದಿಗಾರರು ಬರೆದುಕೊಳ್ಳುವುದನ್ನು ನಿಲ್ಲಿಸಿದ್ದರು. ಅವರು ತೋರಿದ ಆ ದಾಕ್ಷಿಣ್ಯ ಹೆಚ್ಚು ಚುಚ್ಚಿತು.

ಅಂದು ನಾನು ನನ್ನ ಬೈಕು ತಂದಿರಲಿಲ್ಲ. ಹೊರಗೆ ಅಣ್ಣ ತನ್ನ ಬೈಕು ತಂದು ನಿಲ್ಲಿಸಿದ. "ಹತ್ಕ. ಬಸ್ಸು ಹೋತು."

ದಾರಿಯಲ್ಲಿ ಒಂದೇ ಮಾತಾಡಿದ: "ಆ ಆಸ್ತಿ ಪ್ರಶ್ನೆ ವಕೀಲರದ್ದು. ಎನ್ನದಲ್ಲ."

ಸಹಿಯ ಬಗ್ಗೆಯೂ ಅವನು ಹಾಗೇ ಹೇಳಿದ್ದ.

ತೀರ್ಪು ಸಾಬರ ಪರವಾಗಿಯೇ ಬಂತು. ಅಷ್ಟರಲ್ಲಿ ಗ್ಯಾರೇಜಿನ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆದಾಗಿತ್ತು. ಅಣ್ಣ ಈಗ ಕಂತಿನಲ್ಲಿ ಕಟ್ಟುತ್ತಿದ್ದಾನೆ. ಹೊಸ ಜಾಗಕ್ಕೆ ಆಗ ಮುಂಗಡ ಹೊಂದಿಸಲಾಗದ ಸಾಬರು ಊರಿನ ಇನ್ನೊಂದು ಗ್ಯಾರೇಜಿನಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ನನ್ನ ಬೈಕಿನ ಸರ್ವಿಸಿಗೆ ಮೊದಲೆಲ್ಲ ಅವರ ಬಳಿಗೇ ಹೋಗುತ್ತಿದ್ದೆ. ಈಗ ಸಿದ್ದಾಪುರದ ಕಡೆ ಕೆಲಸವಿದ್ದಾಗ ಅಲ್ಲೇ ಮಾಡಿಸಿಕೊಂಡು ಬರುತ್ತೇನೆ.