ಕಾಜಾ ಅಕ್ಕನ ಗ್ಯಾಸ್ಟ್ರಿಕ್ ಮಾತ್ರೆ

ಕೋಟು ಹೊಲಿಯುವ ಆ ಅಂಗಡಿಯಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಗುಂಡಿ ತೂರಿಸುವ ಕಾಜಾಗಳನ್ನು ಕೈಯಲ್ಲೇ ಹೊಲಿಯುತ್ತಿದ್ದುದರಿಂದ ಎಲ್ಲರಿಗೂ ಅವಳು ಕಾಜಾ ಅಕ್ಕ. ಬಟ್ಟೆ ಕತ್ತರಿಸುವ ಮೇಷ್ಟ್ರು ಅಂಗಡಿಯ ಯಜಮಾನರು, ವಯಸ್ಸಿನಲ್ಲೂ ಅವಳಿಗಿಂತ ದೊಡ್ಡವರು. ಅವರೂ ಹಾಗೇ ಕರೆಯುತ್ತಿದ್ದರು. ಕಿಟಕಿಯ ಪಕ್ಕದಲ್ಲೊಂದು ಗಿಡ್ಡ ಸ್ಟೂಲು, ಮಡಿಲಲ್ಲಿ ಕೋಟು, ತುಟಿಯ ಮೂಲೆಯಲ್ಲಿ ಕಚ್ಚಿ ಹಿಡಿದ ದಾರ. ಆ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂತರೆ ಅವರ ಕಥೆ ಮುಗಿದಂತೆಯೇ. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಅವಳ ಕಾಜಾ ನೋಡಿದವರು ಆ ಕೋಪವನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಗುಂಡಿ ಒಳಹೋಗುವಾಗ ತಡೆಯುತ್ತಿರಲಿಲ್ಲ, ಹೋದಮೇಲೆ ಜಾರುತ್ತಿರಲಿಲ್ಲ.

ಗಿರಾಕಿಗಳ ಮೇಲೆ ಅವಳದೊಂದು ದೂರಿತ್ತು. ಕೆಲವರು ಅಳತೆ ಕೊಡಲು ಸೋಮಾರಿತನ ಮಾಡಿ, ಹಳೇ ಕೋಟನ್ನೇ ತಂದು ಮೇಜಿನ ಮೇಲೆ ಒಗೆದು, "ಇದರ ಅಳತೆಗೇ ಹೊಲಿದುಬಿಡಿ" ಎನ್ನುತ್ತಿದ್ದರು. ಮೇಷ್ಟ್ರು ಸಂಕೋಚದ ಮನುಷ್ಯ, ಸುಮ್ಮನಿರುತ್ತಿದ್ದರು. ಇವಳು ಬಿಡುವವಳಲ್ಲ.

"ಕೋಟು ಹಾಗೇ ಇದೆ ಸ್ವಾಮಿ, ಹೊಟ್ಟೆ ಹಾಗೇ ಇದೆಯಾ? ಬನ್ನಿ, ಇಲ್ಲಿ ನಿಂತ್ಕೊಳ್ಳಿ. ಟೇಪು ಕಚ್ಚಲ್ಲ."

ಇಂಥವಳು ತನ್ನ ಹೊಟ್ಟೆಯ ವಿಷಯಕ್ಕೆ ಬಂದಾಗ ಏನು ಮಾಡಿದಳು ಕೇಳಿ.

ಕೆಲವು ವರ್ಷಗಳ ಹಿಂದೆ, ಬಗ್ಗಿ ಕೂತು ಕೂತು ಸೊಂಟ ಹಿಡಿದುಕೊಂಡು, ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯಲ್ಲಿ ಉರಿ ಎದ್ದಿತ್ತು. ಡಾಕ್ಟರಮ್ಮ ನೋವಿನ ಮಾತ್ರೆ ನಿಲ್ಲಿಸಿ, ಆಸಿಡ್ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟು, "ಕೆಲವು ವಾರ ತಗೊಂಡು ಮತ್ತೆ ಬಂದು ತೋರಿಸಿ" ಎಂದಿದ್ದರು. ಉರಿ ಹೋಯಿತು. ಉರಿಯ ಹಿಂದೆಯೇ ಡಾಕ್ಟರಮ್ಮನ ಮಾತೂ ಹೋಯಿತು. ಮಾತ್ರೆಯೊಂದು ಉಳಿದುಕೊಂಡಿತು. ಶೀಟು ಖಾಲಿಯಾದಾಗಲೆಲ್ಲ ಅದನ್ನೇ ಔಷಧಿ ಅಂಗಡಿಗೆ ಒಯ್ದು ತೋರಿಸುವುದು, ಇನ್ನೊಂದು ತರುವುದು. ಗುರುತಿನ ಅಂಗಡಿಯವನು ಕಣ್ಣುಮುಚ್ಚಿ ಕೊಡುತ್ತಿದ್ದ. ಊಟ ಭಾರವಾದ ದಿನ ಒಂದು ಜಾಸ್ತಿ. ನಾದಿನಿಗೆ ಹೊಟ್ಟೆ ಉಬ್ಬರವಾದರೆ ಅವಳಿಗೂ ಅದರಲ್ಲೇ ಒಂದು. ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದೇ ಅವಳ ನಂಬಿಕೆ.

ಜೋಮು ಮೊದಲು ಕಾಲ್ಬೆರಳುಗಳಿಗೆ ಬಂತು. ಚಪ್ಪಲಿ ಬಿಗಿಯೆಂದು ಚಪ್ಪಲಿಯನ್ನು ಬೈದಳು. ಆಮೇಲೆ ಕೈಬೆರಳುಗಳಿಗೂ ಬಂತು. ಬೆರಳ ತುದಿಗೆ ಯಾರೋ ತೆಳು ಬಟ್ಟೆ ಸುತ್ತಿದ ಹಾಗೆ. ದಾರ ಕೈಗೆ ಸಿಕ್ಕಿದೆಯೋ ಇಲ್ಲವೋ ಕಣ್ಣಿಂದ ನೋಡಿಯೇ ತಿಳಿಯಬೇಕು. ವಯಸ್ಸಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಳು. ಹೇಳಿಕೊಂಡರೆ ಕಿಟಕಿಯ ಪಕ್ಕದ ಸ್ಟೂಲು ಕೈಬಿಟ್ಟು ಹೋಗುತ್ತದೆ. ಆ ಜಾಗ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು, ಅವಳು ಕಾಜಾ ಮುಗಿಸಿಕೊಟ್ಟ ಕೋಟನ್ನು ಬೆಳಕಿಗೆ ಹಿಡಿದರು. ಒಳಗಿನ ಹಾಲುಬಣ್ಣದ ಲೈನಿಂಗ್ ಮೇಲೆ ಕೆಂಪು ಚುಕ್ಕೆಗಳು. ಅವಳ ಕೈ ಹಿಡಿದು ತಿರುಗಿಸಿ ನೋಡಿದರೆ, ತೋರುಬೆರಳಲ್ಲಿ ಸೂಜಿ ಚುಚ್ಚಿದ ರಕ್ತ ಇನ್ನೂ ಹಸಿಯಾಗಿತ್ತು.

"ಚುಚ್ಚಿದ್ದು ಗೊತ್ತಾಗ್ಲಿಲ್ವೇನಮ್ಮಾ?"

"ಗೊತ್ತಾಯ್ತು. ಕಿರುಚೋಕೆ ನಾನೇನು ಎಳೇ ಮಗುನಾ?"

ಸುಳ್ಳು. ಅವಳಿಗೆ ಗೊತ್ತೇ ಆಗಿರಲಿಲ್ಲ, ಅದು ಮೇಷ್ಟ್ರಿಗೂ ತಿಳಿಯಿತು. ಅವಳ ಮುಖ ನೋಡದೆ ಲೈನಿಂಗ್ ಬಿಚ್ಚುತ್ತಾ, "ಸ್ವಲ್ಪ ದಿನ ಕೋಟುಗಳನ್ನ ಹೊರಗೆ ಕಾಜಾ ಮೆಷಿನ್‌ಗೆ ಕಳಿಸೋಣ. ನೀನು ಗುಂಡಿ ಆರಿಸಿಕೊಡ್ತಿರು" ಎಂದರು. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು?

ಆ ಸಂಜೆಯೇ ಮಾತ್ರೆಯೂ ಮುಗಿದಿತ್ತು. ಔಷಧಿ ಅಂಗಡಿಯಲ್ಲಿ ಹಳಬನ ಜಾಗಕ್ಕೆ ಕನ್ನಡಕದ ಹೆಂಗಸೊಬ್ಬಳು ಬಂದಿದ್ದಳು. ಕಾಜಾ ಅಕ್ಕ ಖಾಲಿ ಶೀಟನ್ನು ಕೌಂಟರಿನ ಮೇಲೆ ಒಗೆದಳು.

"ಇದೇ ಕೊಡಿ."

"ಡಾಕ್ಟರ ಚೀಟಿ ಎಲ್ಲಮ್ಮಾ?"

"ಚೀಟಿ ಯಾತಕ್ಕೆ? ಶೀಟೇ ಇದೆಯಲ್ಲ, ಇದನ್ನ ನೋಡ್ಕೊಂಡು ಕೊಡಿ. ಎಷ್ಟೋ ವರ್ಷದಿಂದ ತಗೋತಿದೀನಿ."

ಆಕೆ ಶೀಟನ್ನು ಮೆಲ್ಲಗೆ ವಾಪಸ್ ತಳ್ಳಿದಳು. "ನಿಮ್ಮ ಹೊಟ್ಟೆ ಈಗ ಹೇಗಿದೆ ಅಂತ ಈ ಶೀಟಿಗೆ ಹೇಗಮ್ಮಾ ಗೊತ್ತಾಗುತ್ತೆ? ಒಂದ್ಸಲ ಡಾಕ್ಟರಿಗೆ ತೋರಿಸಿ ಬನ್ನಿ. ಆಮೇಲೆ ಕೊಡ್ತೀನಿ."

ಬಾಯಿಗೆ ಬಂದಂತೆ ಬೈದು ಹೊರಬಿದ್ದಳು. ಆದರೆ ಆ ಮಾತು ಎಲ್ಲೋ ಕೇಳಿದಂತಿತ್ತು. ಅರ್ಧ ದಾರಿಗೆ ಬಂದಾಗ ಎಲ್ಲಿ ಎಂಬುದು ಹೊಳೆದು, ರಸ್ತೆಯಲ್ಲೇ ನಿಂತುಬಿಟ್ಟಳು. ತಾನೇ ಗಿರಾಕಿಗಳಿಗೆ ಹೇಳುವ ಮಾತು! ಹಳೇ ಕೋಟು ತಂದು ಒಗೆಯುವ ಸೋಮಾರಿಗಳಿಗೂ ತನಗೂ ಏನು ವ್ಯತ್ಯಾಸ? ಅಷ್ಟು ವರ್ಷ ಅಳತೆಯನ್ನೇ ಕೊಡದೆ ಹಳೇ ಅಳತೆಯಲ್ಲೇ ಹೊಲಿಸಿಕೊಂಡಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮರುದಿನ ಆಸ್ಪತ್ರೆಗೆ ನಾದಿನಿಯೂ ಜೊತೆಗೆ ಹೊರಟಳು. ಅತ್ತಿಗೆ ಒಬ್ಬಳೇ ಹೋದರೆ ಅರ್ಧ ಮುಚ್ಚಿಟ್ಟು ಬರುತ್ತಾಳೆಂದು ಅವಳಿಗೆ ಚೆನ್ನಾಗಿ ಗೊತ್ತು. ಆಗಿದ್ದೂ ಹಾಗೆಯೇ. ಡಾಕ್ಟರಮ್ಮ ಬೇರೇನು ತೊಂದರೆ ಎಂದರೆ, ಕಾಜಾ ಅಕ್ಕ ಕೈಗಳನ್ನು ಚೀಲದ ಕೆಳಗೆ ಸರಿಸಿ, "ಏನೂ ಇಲ್ಲ" ಎಂದಳು.

"ಸುಳ್ಳು ಡಾಕ್ಟ್ರೇ! ಅತ್ತಿಗೆ ಬೆರಳೆಲ್ಲ ಜೋಮು. ಮೊನ್ನೆ ಒಲೆ ಮೇಲಿನ ಪಾತ್ರೆ ಹಿಡ್ಕೊಂಡಿದ್ದೇ ಗೊತ್ತಾಗ್ಲಿಲ್ಲ."

ಕಾಜಾ ಅಕ್ಕ ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ನೋಡಿದಳು. ನಾದಿನಿ ಅದಕ್ಕೆ ಸೊಪ್ಪು ಹಾಕಲಿಲ್ಲ.

ರಕ್ತ ಪರೀಕ್ಷೆ ಮಾಡಿಸಿದರೆ ಬಿ-12 ಎಂಬ ವಿಟಮಿನ್ ತೀರಾ ತಳ ಕಂಡಿತ್ತು. ಇದಕ್ಕೆ ಬೇರೆ ಕಾರಣಗಳೂ ಇರಬಹುದು, ಅದನ್ನೂ ನೋಡೋಣ, ಆದರೆ ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಕೆಲವರ ಮೈ ಊಟದಲ್ಲಿರುವ ಬಿ-12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ನರಗಳು ಸೊರಗುತ್ತವೆ ಎಂದರು ಡಾಕ್ಟರಮ್ಮ.

"ಅದೆಲ್ಲ ಇರಲಿ. ನನ್ನ ಬೆರಳು ಮೊದಲಿನ ಹಾಗಾಗುತ್ತಾ? ಅದೊಂದು ಹೇಳಿ."

"ಪೂರ್ತಿ ಆಗುತ್ತೆ ಅಂತ ಮಾತು ಕೊಡೋಕಾಗಲ್ಲ. ಆದ್ರೆ ಇಂಜೆಕ್ಷನ್ ಈಗಲೇ ಶುರು ಮಾಡಿದ್ರೆ ಸರಿಹೋಗೋ ಸಾಧ್ಯತೆ ಚೆನ್ನಾಗೇ ಇದೆ."

ಕಾಜಾ ಅಕ್ಕ ಅತ್ತಳು. ಅತ್ತದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು, "ಈ ದರಿದ್ರ ಮಾತ್ರೆನ ಇವತ್ತಿಂದ ಮುಟ್ಟೋದೇ ಇಲ್ಲ!" ಎಂದಳು.

"ಹಾಗೆ ಮಾಡ್ಬೇಡಿ. ಒಂದೇ ಸಲ ನಿಲ್ಲಿಸಿದ್ರೆ ಉರಿ ಜೋರಾಗಿ ವಾಪಸ್ ಬರಬಹುದು. ನಾನು ಬರೆದಂತೆ ನಿಧಾನವಾಗಿ ಕಡಿಮೆ ಮಾಡಿ. ತಗೊಳ್ಳೋ ದಿನ ಊಟಕ್ಕೆ ಅರ್ಧ ಗಂಟೆ ಮುಂಚೆ, ಅಗಿಯದೆ ಇಡಿಯಾಗಿ ನುಂಗಿ. ಮಾತ್ರೆ ಕೆಟ್ಟದ್ದಲ್ಲಮ್ಮಾ. ಕೆಲವರಿಗೆ ವರ್ಷಗಟ್ಟಲೆ ಬೇಕೇ ಬೇಕು, ಆದ್ರೆ ಅವರು ಬಂದು ತೋರಿಸ್ತಿರ್ತಾರೆ. ಮಲ ಕಪ್ಪಗಾದ್ರೆ, ನುಂಗೋಕೆ ಕಷ್ಟವಾದ್ರೆ, ಕಾರಣವಿಲ್ಲದೆ ತೂಕ ಇಳಿದ್ರೆ ತಡ ಮಾಡದೆ ಬನ್ನಿ." ಆಮೇಲೆ ನಾದಿನಿಯ ಕಡೆ ತಿರುಗಿ, "ಮನೇಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗೋದು ಎಲ್ಲ ಕಡೆ ಇದ್ದದ್ದೇ. ಇವರದ್ದು ನೀವೂ ನುಂಗ್ತಿದ್ರಾ?" ಎಂದರು.

ಅಷ್ಟು ಹೊತ್ತೂ ಪಟಪಟನೆ ಮಾತಾಡುತ್ತಿದ್ದ ನಾದಿನಿ ಫ್ಯಾನ್ ನೋಡತೊಡಗಿದಳು.

ಮಾತ್ರೆ ಕಡಿಮೆಯಾದ ಮೊದಲ ವಾರಗಳಲ್ಲಿ ಉರಿ ಕಾಡಿತು. ಇಂಜೆಕ್ಷನ್ ತಪ್ಪಿಸಲಿಲ್ಲ. ಅಂಗಡಿಯಲ್ಲಿ ಗುಂಡಿ ಆರಿಸುತ್ತಾ ಕೂರುತ್ತಿದ್ದಳು. ಮೆಷಿನ್ನಿನಿಂದ ಕಾಜಾ ಹಾಕಿಸಿಕೊಂಡು ಬಂದ ಕೋಟುಗಳು ಎದುರು ಬಂದರೆ ಮುಖ ಸಿಂಡರಿಸುತ್ತಿದ್ದಳು. ಆದರೆ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಮೇಷ್ಟ್ರು ಯಾರನ್ನೂ ಕೂರಿಸಿರಲಿಲ್ಲ. ಒಂದು ದಿನ ಗಿರಾಕಿಯೊಬ್ಬ ಅದರ ಮೇಲೆ ಚೀಲ ಇಡಹೋದಾಗ, ಯಾರಿಗೂ ಎದುರಾಡದ ಆ ಮನುಷ್ಯ, "ಅಲ್ಲಿ ಬೇಡ, ಆ ಜಾಗಕ್ಕೆ ಜನ ಇದ್ದಾರೆ" ಎಂದರು. ಕೇಳಿಸಿಕೊಂಡ ಕಾಜಾ ಅಕ್ಕ ತಲೆ ಎತ್ತದೆ ಗುಂಡಿ ಆರಿಸಿದಳು.

ತಿಂಗಳುಗಳು ಕಳೆದವು. ಕಾಲಿನ ಜೋಮು ಪೂರ್ತಿ ಬಿಡದಿದ್ದರೂ ಕೈ ಹಗುರಾದಂತಿತ್ತು. ಒಂದು ಮಧ್ಯಾಹ್ನ ಎಲ್ಲರೂ ಅವರವರ ಕೆಲಸದಲ್ಲಿ ಮುಳುಗಿದ್ದಾಗ, ಕಳ್ಳಿಯಂತೆ ಹೋಗಿ ತನ್ನ ಸ್ಟೂಲಿನ ಮೇಲೆ ಕೂತು, ಒಂದು ಬಟ್ಟೆಯ ತುಂಡಿಗೆ ಕಾಜಾ ಹಾಕತೊಡಗಿದಳು.

"ಅಯ್ಯಯ್ಯೋ!"

ಹೊಲಿಗೆ ಮೆಷಿನ್ನುಗಳೆಲ್ಲ ನಿಂತವು. ಮೇಷ್ಟ್ರು ಕತ್ತರಿ ಹಿಡಿದೇ ಓಡಿ ಬಂದರು. ಕಾಜಾ ಅಕ್ಕ ತೋರುಬೆರಳಿನ ಮೇಲಿನ ಕೆಂಪು ಹನಿಯನ್ನೇ ನೋಡುತ್ತಿದ್ದಳು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದಿತ್ತು.

"ನೋವಾಯ್ತು ಮೇಷ್ಟ್ರೇ! ಚೆನ್ನಾಗಿ ನೋವಾಯ್ತು!"

ಮೇಷ್ಟ್ರು ಮೆಷಿನ್ನಿಗೆ ಕಳಿಸಲೆಂದು ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚಿ, ಮೇಲಿನ ಕೋಟನ್ನು ತಂದು ಅವಳ ಮಡಿಲಲ್ಲಿ ಹಾಕಿದರು.

"ಬೆರಳು ಒರೆಸ್ಕೊಂಡು ಶುರು ಮಾಡು," ಎಂದರು, "ಲೈನಿಂಗ್ ಬಿಳೀದು."