ಹೊಸ ಬಟ್ಟೆಯಲ್ಲಿ ಸೋಸಿದ ಸಮುದ್ರ

ಬೆಳಗಾವಿಯಲ್ಲಿ ಒಂದು ಮದುವೆಗೆ ಹೋದಾಗ ಅಲ್ಲಿನ ಹೋಟೆಲಿನ ಬಾಗಿಲಲ್ಲಿ ಉಪ್ಪುನೀರಿನ ಮೀನಿನ ತೊಟ್ಟಿ ನೋಡಿದೆ. ಅವತ್ತೇ ನನ್ನ ತಲೆ ಕೆಟ್ಟಿತು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟಿ ಹೊಡೆದ ಎರಡು ಮೀನು! ಅಕ್ಷತೆ ಬಿತ್ತು, ಊಟದ ಪಂಕ್ತಿ ಕೂತಿತು, ನಾನು ಮಾತ್ರ ಗಾಜಿನ ಮುಂದೆ ನಿಂತೇ ಇದ್ದೆ. ಬನಹಟ್ಟಿಗೆ ತಿರುಗಿ ಬರುವಾಗ ಬಸ್ಸಿನಲ್ಲೇ ಗಂಡನಿಗೆ ಹೇಳಿದೆ, ನಮ್ಮ ಮನೆಯಲ್ಲೂ ಒಂದು ಸಮುದ್ರ ಇಡೋಣ ಎಂದು.

"ಇಡೂಣು. ನಾಕ ಮಗ್ಗ ಸರಿಸಿದ್ರ ಹಡಗೂ ನಿಲ್ಲತೈತಿ," ಎಂದರು ಅವರು.

ಅವರ ಚೇಷ್ಟೆಗೆಲ್ಲ ಬಗ್ಗುವವಳಲ್ಲ ನಾನು. ಬೆಳಗಾವಿಯ ಅಂಗಡಿಯವನಿಗೆ ಫೋನು ಮಾಡಿ ಗಾಜಿನ ತೊಟ್ಟಿ, ಸಮುದ್ರದ ಉಪ್ಪು, ಬಿಳಿ ಮರಳು, ತೂತು ತೂತಿನ ಬಿಳಿ ಕಲ್ಲು, ಪಂಪು, ಉಪ್ಪಿನ ಹದ ಅಳೆಯುವ ಕೊಳವೆ ಎಲ್ಲ ತರಿಸಿಕೊಂಡೆ. ಮೀನು ಮಾತ್ರ ನೀರು ಹದಕ್ಕೆ ಬಂದ ಮೇಲೆ. ಮೊದಲು ತೊಟ್ಟಿಯನ್ನು ಮಗ್ಗದ ಕೋಣೆಯ ಗೋಡೆಗೆ ತಾಗಿಸಿ ಇಟ್ಟೆವು. ಪವರ್‌ಲೂಮ್ ಶುರುವಾಯಿತೋ ಇಲ್ಲವೋ, ನೀರು ಗಡಗಡ ನಡುಗಿತು, ಮೇಲೆಲ್ಲ ಹತ್ತಿಯ ಧೂಳು ಕೂತಿತು. ಅಯ್ಯಯ್ಯ ಎಂದು ಎಲ್ಲ ಬಸಿದು, ಪಡಸಾಲೆಗೆ ಹೊತ್ತು, ಕೆಳಗೆ ಥರ್ಮಾಕೋಲ್ ಹಾಕಿ ಮತ್ತೆ ಕೂರಿಸಿದೆವು. ಅದು ನಮ್ಮ ಅತ್ತೆಯ ಮಂಚದ ಎದುರಿಗೇ ಬಂತು.

ಅತ್ತೆ ಅದೇ ವಾರ ಜಮಖಂಡಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಅವರಿಗೆ ಇದ್ದದ್ದೇ ಒಂದು ಕಣ್ಣು. ಇನ್ನೊಂದನ್ನು ಚಿಕ್ಕಂದಿನಲ್ಲಿ ಮಗ್ಗದಿಂದ ಸಿಡಿದ ಲಾಳಿ ತೆಗೆದುಕೊಂಡಿತ್ತು. ಆ ಒಂದೇ ಕಣ್ಣಿನಲ್ಲಿ ಅವರು ಜೀವಮಾನವೆಲ್ಲ ಹಾಸು ಕೆಚ್ಚಿದ್ದಾರೆ. ಅಂದರೆ ಮಗ್ಗದಲ್ಲಿ ಮುಗಿಯುತ್ತ ಬಂದ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸುವುದು. ನಮ್ಮ ಓಣಿಯಲ್ಲಿ ಅವರಷ್ಟು ಚೊಕ್ಕವಾಗಿ ಕೆಚ್ಚುವವರಿಲ್ಲ. ಧೂಳು ಬೀಳಬಾರದೆಂದು ಡಾಕ್ಟರು ಮಗ್ಗದ ಕೋಣೆಗೆ ಕಾಲಿಡಬೇಡಿ ಎಂದಿದ್ದರು. ಕಣ್ಣು ಬಂತೋ ಇಲ್ಲವೋ ಎಂದು ಎಳೆ ಹಿಡಿದು ನೋಡುವಂತಿರಲಿಲ್ಲ. ಹಾಗಾಗಿ ಅವರು ನನ್ನ ಸಮುದ್ರವನ್ನೇ ನೋಡಿದರು.

"ಚಿಕ್ಕಪಡಸಲಗಿ ಬ್ಯಾರೇಜ್ ತುಂಬಿದ್ದ ನೋಡೇನಿ. ಅದಕ್ಕಿಂತ ದೊಡ್ಡ ನೀರ ನೋಡಿಲ್ಲ. ತೋರಸ ನಿನ್ನ ಸಮುದ್ರ," ಎಂದು ಸ್ಟೂಲು ಎಳೆದುಕೊಂಡು ಗಾಜಿಗೆ ಮೂಗು ತಾಗಿಸಿ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಎಲ್ಲಾ ಮಂಜ ಮಂಜ ಐತೆಲ್ಲ ಬೇ?"

ಮಂಜೇ! ಮರಳನ್ನು ಏಳು ನೀರಿನಲ್ಲಿ ತೊಳೆಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಒಂದು ಬಕೆಟು ನೀರಿನಲ್ಲಿ ಅದ್ದಿ ಸುರಿದುಬಿಟ್ಟಿದ್ದೆ. "ಮರಳಿನ ಧೂಳರೀ ಅತ್ತಿ, ಕೂಡತೈತಿ," ಎಂದೆ. ಅದು ಹೇಳಿದ ಹಾಗೆ ಮುಕ್ಕಾಲು ಭಾಗ ಕೂತಿತು ಕೂಡ. ಉಳಿದ ಕಾಲು ಭಾಗಕ್ಕೆ ನನ್ನ ಜೀವ ತಡೆಯಲಿಲ್ಲ. ಪಂಪಿನ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ ಸೋಸೋಣ ಎಂದು ಹಳೆಯ ಧೋತರದ ತುಂಡು ಹುಡುಕಿದೆ. ಅತ್ತೆ ಬಿಡಲಿಲ್ಲ.

"ಹೊಸಾ ಕೆಲಸಕ್ಕ ಹಳೇ ಅರಬಿ ಮುಟ್ಟಸ್ತಾರೇನ? ನೇಕಾರ್ ಮನ್ಯಾಗ ಅರಬಿಗಿ ಬಡತನಾ? ಮಗ್ಗದ ಮ್ಯಾಲಿಂದ ಕೊಯ್ಯಿ."

ಅದು ನಮ್ಮ ಮನೆಯ ಪದ್ಧತಿ. ಹೊಸ ಕೊಡ ಬರಲಿ, ಹೊಸ ತೊಟ್ಟಿಲು ಬರಲಿ, ಮಗ್ಗದಿಂದ ಆಗಷ್ಟೇ ಕೊಯ್ದ ಬಟ್ಟೆಯೇ ಮೊದಲು ತಾಗಬೇಕು. ಕೊಯ್ದು ಕಟ್ಟಿದೆ. ದಿನಾ ಸಂಜೆ ಹಳೆಯದು ಬಿಚ್ಚಿ ಹೊಸದು ಕಟ್ಟಿದೆ. ಉಪ್ಪು ಕಲಸುವಾಗಲೂ ಕ್ಯಾನಿನ ನೀರನ್ನು ಅದರಲ್ಲೇ ಸೋಸಿದೆ. ಮಾಡಿದಷ್ಟೂ ನೀರು ಕೆಟ್ಟಿತು. ಮೊದಲು ಮಜ್ಜಿಗೆಯ ತಿಳಿಯಂತಿದ್ದದ್ದು ಕೊನೆಗೆ ಹಾಲೇ ಆಯಿತು. ಕಲ್ಲೂ ಕಾಣದು, ಮರಳೂ ಕಾಣದು.

ಅತ್ತೆ ದಿನವೂ ಬಂದು ಗಾಜಿನ ಮುಂದೆ ಕೂತರು. "ನೀರಽ ಕೆಟ್ಟೈತ್ರೀ ಅತ್ತಿ, ನಮಗೂ ಹಂಗಽ ಕಾಣತೈತಿ," ಎಂದು ನಾನು ಆಣೆ ಮಾಡಿ ಹೇಳಿದರೂ ನಂಬಲಿಲ್ಲ. "ಗಂಡಾ ಹೆಂಡ್ತಿ ಮಾತಾಡ್ಕೊಂಡ್ ಹೇಳಾಕತ್ತೀರಿ. ನನ್ನ ಸಮಾಧಾನಕ್ಕ," ಎಂದರು. "ನಿಮ್ಮ ಮಾರಿ ಕಾಣತಾವು. ಮಾರಿ ದೊಡ್ಡೂವು. ನನಗ ಬೇಕಾಗಿದ್ದು ಎಳಿ." ಆಮೇಲೆ ಅವರು ಮಗ್ಗದ ಸುದ್ದಿ ಕೇಳುವುದನ್ನೇ ಬಿಟ್ಟರು. ಯಾವ ಹಾಸು ಮುಗಿಯಿತು, ಯಾವುದು ಹರಿಯಿತು, ಒಂದನ್ನೂ ಕೇಳಲಿಲ್ಲ. ನನಗೆ ಭಯವಾದದ್ದು ಆಗ. ಆ ನೀರು ತಿಳಿಯಾಗದೆ ಅವರು ಮತ್ತೆ ಎಳೆ ಹಿಡಿಯುವುದಿಲ್ಲ ಎಂದು ನನಗೆ ಗೊತ್ತಾಗಿ ಹೋಯಿತು.

ಅಂಗಡಿಯವನಿಗೆ ಫೋನು ಹಚ್ಚಿ ಬೈದೆ. ಪಾಪ, ಅವನು ಶಾಂತವಾಗಿಯೇ ಕೇಳಿಸಿಕೊಂಡ. "ಅಕ್ಕಾರ, ಹಾಲಿನಂಗ ಆಗೇತಿ ಅಂದ್ರ ಕಣ್ಣಿಗಿ ಕಾಣದ ಸಣ್ಣ ಜೀವ ಹುಟ್ಯಾವರಿ. ಮೀನ ಇಲ್ಲಂತೀರಿ, ಕಾಳ ಹಾಕಿಲ್ಲಂತೀರಿ. ಆದ್ರೂ ನೀವು ಅವಕ್ಕ ಏನೋ ಉಣ್ಣಸಾಕತ್ತೀರಿ. ಏನಂತ ನೋಡ್ರಿ."

"ಏನ್ ಉಣಸ್ತೀನೋ ಮಾರಾಯಾ, ಬರೇ ನೀರೈತಿ!" ಎಂದು ಫೋನು ಕುಕ್ಕಿದೆ.

ಸಿಟ್ಟಿನಲ್ಲೇ ಹೋಗಿ ನಿನ್ನೆಯ ಬಟ್ಟೆ ಬಿಚ್ಚಿದೆ. ಕಟ್ಟುವಾಗ ಕಾಗದದಂತೆ ಕರಕರ ಎನ್ನುತ್ತಿದ್ದದ್ದು ಈಗ ಕೈಯಲ್ಲಿ ಮೆತ್ತಗೆ ಜೋತು ಬಿತ್ತು. ಹಿಂಡಿದರೆ ಬೆರಳಿಗೆ ಲೋಳೆ, ಹುಳಿ ವಾಸನೆ. ಇನ್ನೊಂದು ಕೈಯಲ್ಲಿ ಇವತ್ತಿನ ಹೊಸ ತುಂಡು ಸೆಟೆದುಕೊಂಡು ನಿಂತಿತ್ತು. ಎರಡನ್ನೂ ನೋಡಿದೆ. ನೋಡಿದವಳೇ ಕಿರುಚಿದೆ.

ಗಂಡ ಮಗ್ಗ ನಿಲ್ಲಿಸಿ ಓಡಿ ಬಂದರು. "ಏನಾತು? ಕರೆಂಟ್ ಹೊಡೀತೇನ?"

"ಗಂಜಿ ರೀ! ದಿನಾ ಸಮುದ್ರಕ್ಕ ಗಂಜಿ ಕುಡಸೇವಿ ನಾವು!"

ಹಾಸಿನ ಎಳೆಗಳಿಗೆ ಗಂಜಿ ಹಾಕದೆ ನೇಯಲು ಬರುವುದಿಲ್ಲ. ಎಳೆ ಪಟಪಟ ಹರಿಯುತ್ತದೆ. ಮಗ್ಗದಿಂದ ಕೊಯ್ದ ಬಟ್ಟೆಯ ತುಂಬ ಅದೇ ಇರುತ್ತದೆ. ಸೀರೆ ಒಯ್ಯುವ ಗಿರಾಕಿಗಳಿಗೆಲ್ಲ "ಮೊದಲ ನೀರಾಗ ನೆನಿ ಇಡ್ರಿ, ಗಂಜಿ ಬಿಡತೈತಿ" ಎಂದು ಹೇಳಿ ಹೇಳಿ ನಮ್ಮ ಬಾಯಿ ಸವೆದಿದೆ. ಅಂಥ ನಾವೇ! ಗಂಡ ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತೇಬಿಟ್ಟರು. ನನಗೂ ನಗು ತಡೆಯಲಿಲ್ಲ. ಅತ್ತೆ ಮಾತ್ರ ಮಂಚದ ಮೇಲಿಂದ, "ನನ್ನ ನಗಸಾಕ ಆಟಾ ಹೂಡೀರೇನು?" ಎಂದು ಆ ಕಡೆ ಹೊರಳಿದರು.

ಬಟ್ಟೆ ಕಿತ್ತೊಗೆದೆವು. ಅರ್ಧ ನೀರು ಬಸಿದು, ಹೊಸದಾಗಿ ಉಪ್ಪು ಕಲಸಿದ ನೀರನ್ನು ಸೋಸದೆ, ಬರೀ ಕೊಡದಲ್ಲಿ ತುಂಬಿದೆವು. ಗಾಳಿಯ ಪಂಪನ್ನು ಹಗಲೂ ರಾತ್ರಿ ಬಿಟ್ಟೆವು. ಇನ್ನು ಕೈ ಹಚ್ಚಬಾರದು, ಕಾಯಬೇಕು ಎಂದ ಅಂಗಡಿಯವನು. ಕಾಯುವುದು! ನನಗೆ! ಬೆಳಿಗ್ಗೆ ಎದ್ದವಳು ಮುಖ ತೊಳೆಯದೆ ತೊಟ್ಟಿಗೆ ಓಡುತ್ತಿದ್ದೆ. ಒಂದು ದಿನ ಕಲ್ಲಿನ ಮೂಲೆ ಕಂಡಿತು. ಮತ್ತೊಂದು ದಿನ ಮರಳು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಹಿಂದಿನ ಗೋಡೆಯ ಸುಣ್ಣದ ಬಿರುಕೂ ಆರಪಾರ ಕಾಣುತ್ತಿದೆ! ಕೂಗಬೇಕೆಂದು ಬಾಯಿ ತೆರೆದವಳು ಗಪ್ಪನೆ ಮುಚ್ಚಿಕೊಂಡೆ. ನಾನು ಹೇಳಿದರೆ ಅತ್ತೆಗೆ ಅದೂ ಸಮಾಧಾನದ ಮಾತೇ ಆಗುತ್ತದೆ. ಗಂಡನಿಗೂ ಕಣ್ಸನ್ನೆ ಮಾಡಿದೆ. ಸ್ಟೂಲು ಮಾತ್ರ ಎಳೆದಿಟ್ಟು ದೂರ ನಿಂತೆ.

ಅತ್ತೆ ಎದ್ದು ಬಂದು ಕೂತರು. ಆಮೇಲೆ ಬೆರಳು ಗಾಜಿಗೆ ಊರಿದರು.

"ಏ ಯವ್ವಾ, ಈ ಕಲ್ಲಿಗಿ ಒಂದ್ ಎಳಿ ಸಿಕ್ಕೈತಿ ನೋಡ. ತಗಿ."

ಬಗ್ಗಿ ನೋಡಿದೆ. ಎಳೆಯೂ ಇಲ್ಲ, ಏನೂ ಇಲ್ಲ. ಕನ್ನಡಕ ಹಾಕಿಕೊಂಡು ನೋಡಿದೆ. ಗಂಡ ಮೊಬೈಲಿನ ಬ್ಯಾಟರಿ ಬೆಳಕು ಬಿಟ್ಟು ನೋಡಿದರು. "ಎಲ್ಲೈತಿ ಯವ್ವಾ?" ಎಂದರು.

"ಕಾಣಂಗಿಲ್ಲೇನ ನಿಮಗ? ಬಿಳೇ ಕಲ್ಲಿನ ಮ್ಯಾಲ ಬಿಳೇ ಎಳಿ. ತುದಿ ಅಲ್ಲಾಡಾಕತ್ತೈತಿ ನೋಡ್ರಿ. ಹೊಕ್ಕಿನ ಎಳಿ ಅದು."

ಇತ್ತು. ಸೋಸಿದ ಬಟ್ಟೆಯ ಅಂಚಿನಿಂದ ಬಿಟ್ಟುಕೊಂಡ ಒಂದೇ ಒಂದು ಅಡ್ಡ ನೂಲು, ಕೂದಲಿಗಿಂತ ಸಣ್ಣದು. ನನ್ನ ಕಣ್ಣಲ್ಲಿ ನೀರು ತುಂಬಿ ಆ ಎಳೆ ಮತ್ತೆ ಕಾಣದಂತಾಯಿತು.

ಅತ್ತೆ ಸೆರಗಿನಿಂದ ಗಾಜಿನ ಮೇಲಿನ ಬೆರಳ ಗುರುತು ಒರೆಸಿ ಮಗನ ಕಡೆ ತಿರುಗಿದರು. "ಮೂಲಿ ಮಗ್ಗದ ಹಾಸು ಯಾರ ಕಡೆ ಕೆಚ್ಚಿಸಿದ್ರಿ?"

"ಯಾರ ಕಡೀನೂ ಇಲ್ಲವಾ. ಹಂಗಽ ನಿಂತೈತಿ."

"ಇರ್ಲಿ," ಎಂದರು ಅತ್ತೆ. "ಡಾಕ್ಟರ್ ಹೂಂ ಅನ್ನೂತನಕಾ ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ."