ಪುಸ್ತಕದಲ್ಲಿ ಇಲ್ಲದ ಪುಟಗಳು

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ದಿನಾ ಅಲ್ಲಿಂದ ಹರಿಹರಕ್ಕೆ ಹೋಗಿ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಸಂಜೆ ವಾಪಸು ಬರುತ್ತಿದ್ದೆ. ಮನೆಯಲ್ಲಿ ನನ್ನ ಗಂಡ, ಮಾವನವರು, ಇಬ್ಬರು ಹೆಣ್ಣುಮಕ್ಕಳು. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ನಾಲ್ಕು ಡಬ್ಬಿ ಕಟ್ಟಿ, ಚಿಕ್ಕವಳ ಜಡೆ ಹೆಣೆದು ಬಸ್ಸು ಹಿಡಿಯುವಷ್ಟರಲ್ಲಿ ನನ್ನ ಅರ್ಧ ದಿನ ಮುಗಿದಿರುತ್ತಿತ್ತು. ಇಷ್ಟರ ನಡುವೆಯೂ ನಾನು ತಿಂಗಳಿಗೆ ನಾಲ್ಕು ಪುಸ್ತಕ ಓದುತ್ತಿದ್ದೆ. ಯಾವಾಗ ಓದುತ್ತೀರಿ ಎಂದು ಶಾಲೆಯಲ್ಲಿ ಕೇಳುತ್ತಿದ್ದರು. ಬಸ್ಸಿನಲ್ಲಿ. ಸೀಟು ಸಿಕ್ಕ ದಿನ ಒಂದು ದಾರಿಗೆ ಹದಿನೈದು ಪುಟ, ನಿಂತ ದಿನ ಏಳು. ರೈಲ್ವೆ ಗೇಟು ಬಿದ್ದರೆ ಎಲ್ಲರೂ ಗೊಣಗುತ್ತಿದ್ದರು, ನನಗೆ ಮೂರು ಪುಟ ಹೆಚ್ಚಿಗೆ ಸಿಗುತ್ತಿತ್ತು.

ತಿಂಗಳ ಕೊನೆಯ ಭಾನುವಾರ, ಹಿರಿಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ, ಆ ತಿಂಗಳು ಓದಿದ ಪುಸ್ತಕಗಳ ಬಗ್ಗೆ ಅನಿಸಿದ್ದನ್ನು ಬರೆದಿಡುತ್ತಿದ್ದೆ. ಯಾರಿಗೂ ತೋರಿಸಲು ಅಲ್ಲ. ಹೊಗಳಿದ್ದು ಕಡಿಮೆ. ರೊಟ್ಟಿ ಬಡಿಯುವ ಹೆಂಗಸಿನ ಬಳೆ ಸದ್ದನ್ನು ಎರಡು ಪುಟ ವರ್ಣಿಸಿದ ಒಬ್ಬ ಕಾದಂಬರಿಕಾರರ ಬಗ್ಗೆ, 'ಇವರು ಒಂದು ದಿನ ಹಂಚಿನ ಮುಂದೆ ಕೂರಲಿ, ಬಳೆ ಅಲ್ಲ, ರಟ್ಟೆ ಕೇಳಿಸುತ್ತದೆ' ಎಂದು ಬರೆದಿದ್ದೆ. ಇನ್ನೊಂದು ಪುಸ್ತಕದ ನಾಯಕಿಗೆ ಮೂವರು ಮಕ್ಕಳಿದ್ದರೂ ಇಡೀ ಪುಸ್ತಕದಲ್ಲಿ ಒಬ್ಬರಿಗೂ ಜ್ವರ ಬರುವುದಿಲ್ಲ. ಅದನ್ನೂ ಬರೆದಿದ್ದೆ.

ಪುಸ್ತಕ ತಂದು ಕೊಡುತ್ತಿದ್ದವರು ಮಾವನವರು. ಮಂಡಿಪೇಟೆಯಲ್ಲಿ ಜವಳಿ ಅಂಗಡಿ ನಡೆಸಿದವರು, ಅದನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಬಡಾವಣೆಯ ಒಂದು ವಾಚನಾಲಯದ ಕಮಿಟಿಯಲ್ಲಿದ್ದರು. ದಿನಾ ತಪ್ಪದೆ ಲಿಂಗಪೂಜೆ, ಆಮೇಲೆ ಪೇಪರು, ಆಮೇಲೆ ವಾಚನಾಲಯ. ಹೆಣ್ಣು ನೋಡಲು ಬಂದ ದಿನ ಮಾಯಕೊಂಡದ ನಮ್ಮ ಮನೆಯಲ್ಲಿ ನನ್ನ ಅಪ್ಪನಿಗೆ, "ಹುಡುಗಿ ಓದ್ತಾಳೆ ಅಂದ್ರೆ ಓದ್ಲಿ ಬಿಡ್ರಿ, ನಮ್ಮನ್ಯಾಗೆ ಯಾರ್ದೂ ಅಡ್ಡಿ ಇಲ್ಲ" ಎಂದವರು ಅವರೇ. ಬಂದವರ ಮುಂದೆಲ್ಲ, "ನಮ್ಮ ಸೊಸಿ ತಿಂಗಳಿಗೆ ನಾಕು ಪುಸ್ತಕ ಓದ್ತಾಳೆ" ಎಂದು ಹೇಳಿಕೊಳ್ಳುತ್ತಿದ್ದರು. ಸದಸ್ಯತ್ವ ಅವರ ಹೆಸರಿನಲ್ಲಿತ್ತು. "ನೀನ್ಯಾಕ ಅಲ್ಲಿಗೆ ಬರ್ತೀಯ ತಾಯಿ, ಚೀಟಿ ಬರ್ದು ಕೊಡು, ನಾ ತರ್ತೀನಿ" ಎನ್ನುತ್ತಿದ್ದರು. ಶನಿವಾರ ತಂದ ಪುಸ್ತಕವನ್ನು ತಾವೊಮ್ಮೆ ಕಣ್ಣಾಡಿಸಿ ಸೋಮವಾರ ನನಗೆ ಕೊಡುತ್ತಿದ್ದರು. ಇಂಥ ಮಾವ ಯಾರಿಗೆ ಸಿಗುತ್ತಾರೆ ಎಂದು ನಾನು ನನ್ನ ತಂಗಿಗೆ ಪತ್ರ ಬರೆದದ್ದಿದೆ. ಆ ಪತ್ರ ನೆನೆದರೆ ಈಗಲೂ ಮೈ ಉರಿಯುತ್ತದೆ.

ಪುಟಗಳು ಮೊದಲು ಕಾಣೆಯಾದದ್ದು ಒಬ್ಬ ನರ್ಸಿನ ಕಥೆಯಲ್ಲಿ. ಅವಳು ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಬರುತ್ತಾಳೆ. ಪುಟ ತಿರುಗಿಸಿದರೆ ನಾದಿನಿಯ ಮದುವೆಯಲ್ಲಿ ಊಟ ಬಡಿಸುತ್ತಿದ್ದಾಳೆ. ಸಂಖ್ಯೆ ನೋಡಿದೆ. ನಡುವೆ ಆರು ಪುಟ ಇರಲಿಲ್ಲ. ಹರಿದ ಗುರುತೂ ಇಲ್ಲ, ಹೊಲಿಗೆಯ ಹತ್ತಿರ ಬ್ಲೇಡಿನಲ್ಲಿ ನೇರವಾಗಿ ತೆಗೆದಿದ್ದರು. ಮನೆಗೆ ಬಂದು ಮಾವನವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಥೋ, ಜನಾನೇ ಹಂಗೆ ನೋಡು. ನಾಕು ಮಂದಿ ಓದೋ ಪುಸ್ತಕ ಅಂದ್ರೆ ಬೆಲೆನೇ ಇಲ್ಲ" ಎಂದು ತಲೆ ಅಲ್ಲಾಡಿಸಿದರು. ಮುಂದಿನ ತಿಂಗಳು ಎರಡು ಪುಸ್ತಕದಲ್ಲಿ ಹಾಗೇ ಆಯಿತು. ಅದರ ಮುಂದಿನ ತಿಂಗಳು ಮತ್ತೊಂದು. ಪ್ರತಿ ಸಲವೂ ಅವರು ನನಗಿಂತ ಹೆಚ್ಚು ಬೇಜಾರು ಮಾಡಿಕೊಂಡರು. ನಾನು ನೋಟ್‌ಬುಕ್ಕಿನಲ್ಲಿ ಆ ಕಾಣದ ಕಳ್ಳನನ್ನು ಬೈದು ಬರೆದೆ.

ಒಂದು ಅಮಾವಾಸ್ಯೆಗೆ ಮಾವನವರು ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋದರು, ಮೂರು ದಿನ ಇದ್ದು ಬರುತ್ತೇನೆಂದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನೇ ವಾಚನಾಲಯಕ್ಕೆ ಹೋದೆ. ಅಲ್ಲಿ ಪುಸ್ತಕ ಕೊಡುತ್ತಿದ್ದವರು ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಯಾರ ಮನೆಯವಳೆಂದು ಹೇಳಿದ ಕೂಡಲೇ ಅವರ ಮುಖ ಬಿಗಿಯಿತು. ನಾನು ಆರಿಸಿದ ಎರಡು ಪುಸ್ತಕಗಳನ್ನು ಮೇಜಿನ ಮೇಲಿಟ್ಟುಕೊಂಡು ಒಂದೊಂದೇ ಪುಟ ಎಣಿಸತೊಡಗಿದರು.

"ಯಾಕ್ರಿ ಎಣಿಸ್ತೀರಿ?" ಎಂದೆ.

"ಬೇಜಾರು ಮಾಡ್ಕೋಬ್ಯಾಡ್ರಿ ಮೇಡಂ. ನಿಮ್ಮನೆಗೆ ಹೋಗಿ ಬಂದ ಪುಸ್ತಕದಾಗೆ ಹಾಳೆ ಇರಲ್ಲ. ಸಾಹೇಬ್ರು ಕಮಿಟಿಯೋರು, ನಾ ಏನು ಅನ್ನಾಕಾಗ್ತದೆ? ನೀವು ಚಲೋ ಹಾಳೆ ಕೊಯ್ದು ಇಟ್ಕೊಂತೀರಿ ಅಂತ ಅಂದ್ಕೊಂಡಿದ್ವಿ."

ನಾನು ಕಳ್ಳಿ. ಎಷ್ಟು ತಿಂಗಳಿಂದ ಆ ಬೀದಿಯಲ್ಲಿ ಕಳ್ಳಿಯಾಗಿ ಓಡಾಡಿದ್ದೆನೋ! "ನೀವು ಪೂರ್ತಿ ಎಣಿಸ್ರಿ, ನಾ ಕಾಯ್ತೀನಿ" ಎಂದೆ. ಎಲ್ಲ ಪುಟವೂ ಇತ್ತು. ಅವರ ಕೈಲೇ ಹಿಂಬದಿಯ ಒಳರಟ್ಟಿನ ಮೂಲೆಯಲ್ಲಿ ಸಣ್ಣದಾಗಿ ಹಾಗೆಂದು ಬರೆಸಿಕೊಂಡು ಬಂದೆ.

ಎರಡರಲ್ಲಿ ಒಂದನ್ನು, ಒಬ್ಬ ಮೇಷ್ಟರಮ್ಮನ ಕಥೆಯನ್ನು, ಮಾವನವರು ಬರುವಷ್ಟರಲ್ಲಿ ಓದಿ ಮುಗಿಸಿದೆ. ಅನ್ನಕ್ಕೆ ಇಟ್ಟು ಓದಿದೆ, ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತು ಓದಿದೆ. ಅವರು ಬಂದ ಸಂಜೆ ಅವರ ಮಂಚದ ಮೇಲಿಟ್ಟು, "ಚಲೋ ಐತಂತೆ, ನೀವು ನೋಡಿ ಕೊಡ್ರಿ, ಆಮೇಲೆ ನಾ ಓದ್ತೀನಿ" ಎಂದು ಮೊದಲ ಬಾರಿಗೆ ಆ ಮನೆಯಲ್ಲಿ ಸುಳ್ಳು ಹೇಳಿದೆ. ಎರಡು ದಿನ ಬಿಟ್ಟು ವಾಪಸು ಕೊಟ್ಟರು. ಎಂಬತ್ತೆಂಟರ ನಂತರ ತೊಂಬತ್ತೈದು.

ಆ ಪುಟಗಳಲ್ಲಿ ಏನಿತ್ತೆಂದು ಈಗ ನನಗೆ ಗೊತ್ತಿತ್ತು. ಕೆಟ್ಟದ್ದೇನೂ ಇರಲಿಲ್ಲ. ಆ ಮೇಷ್ಟರಮ್ಮನಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತಾಳೆ. ಒಂದು ಸಂಜೆ ತನ್ನೊಬ್ಬಳಿಗೇ ಉಪ್ಪಿಟ್ಟು ಮಾಡಿಕೊಂಡು, ತಟ್ಟೆಗೂ ಹಾಕಿಕೊಳ್ಳದೆ ಬಾಣಲೆಯಿಂದಲೇ ತಿನ್ನುತ್ತ ಹೊಸ್ತಿಲ ಮೇಲೆ ಕೂತು ನಗುತ್ತಾಳೆ. ಅಷ್ಟೇ. ಅದಕ್ಕೂ ಮೊದಲು ಅವಳ ಗಂಡ ಅವಳ ಕೆನ್ನೆಗೆ ಹೊಡೆಯುವ ಪುಟಗಳು ಜೋಪಾನವಾಗಿ ಪುಸ್ತಕದಲ್ಲೇ ಇದ್ದವು.

ನಾನು ಅಂದೇ ಕೇಳಲಿಲ್ಲ. ಹರಿಹರದಲ್ಲಿ ನಮ್ಮ ಶಾಲೆಗೆ ಹತ್ತು ನಿಮಿಷದ ದಾರಿಯಲ್ಲಿ ಇನ್ನೊಂದು ಹಳೆಯ ವಾಚನಾಲಯವಿತ್ತು. ಊಟದ ಬಿಡುವಿನಲ್ಲಿ ಡಬ್ಬಿ ತೆಗೆಯದೆ ಅಲ್ಲಿಗೆ ನಡೆದೆ. ಕೊಯ್ದುಹೋದ ಪುಸ್ತಕಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಅಲ್ಲಿದ್ದವು. ಒಂದು ವಾರ ನಿಂತು ನಿಂತು ಆ ಪುಟಗಳನ್ನೇ ಹುಡುಕಿ ಓದಿದೆ. ನರ್ಸು ಬಸ್ಸು ಹತ್ತಿ ಗೆಳತಿಯ ಊರಿಗೆ ಹೋಗಿ ನಾಲ್ಕು ದಿನ ಕಣ್ತುಂಬ ನಿದ್ದೆ ಮಾಡುತ್ತಾಳೆ. ಮತ್ತೊಂದರಲ್ಲಿ ಒಬ್ಬ ವಿಧವೆ ಸೈಕಲ್ ಕಲಿಯುತ್ತಾಳೆ, ಬೀಳುತ್ತಾಳೆ, ಮತ್ತೆ ಹತ್ತುತ್ತಾಳೆ. ಅಳುವ ಹೆಣ್ಣಿನ ಒಂದು ಪುಟವನ್ನೂ ಮಾವನವರು ಮುಟ್ಟಿರಲಿಲ್ಲ. ಬಾವಿಗೆ ಬಿದ್ದವಳು ಇದ್ದಳು, ಮನೆ ಬಿಟ್ಟು ಬೀದಿಪಾಲಾದವಳು ಇದ್ದಳು. ಖುಷಿಯಾಗಿದ್ದವಳನ್ನು ಮಾತ್ರ ಹುಡುಕಿ ಹುಡುಕಿ ಬ್ಲೇಡು ಹಾಕಿದ್ದರು. ಆ ವಾರ ಶಾಲೆಯಲ್ಲಿ ನನ್ನಿಂದ ಬೈಸಿಕೊಳ್ಳದ ಮಕ್ಕಳಿರಲಿಲ್ಲ. ಪಾಪ, ಅವರಿಗೇನು ಗೊತ್ತು.

ಭಾನುವಾರ ಬೆಳಿಗ್ಗೆ ಅವರು ಪೂಜೆ ಮುಗಿಸಿ ಪೇಪರು ಹಿಡಿದು ಕೂತಾಗ, ಮೇಷ್ಟರಮ್ಮನ ಪುಸ್ತಕ ತೆರೆದು ಮುಂದಿಟ್ಟೆ. ಗಂಡ ಅಲ್ಲೇ ಮಂಡಕ್ಕಿ ತಿನ್ನುತ್ತಿದ್ದರು.

"ಮಾವಾರೆ, ಈ ಹಾಳೆ ಎಲ್ಲಿ?"

ಅವರು ಸುಳ್ಳು ಹೇಳಲಿಲ್ಲ. ಪೇಪರು ಮಡಚಿದರು. "ನಾನೇ ತೆಗ್ದೀನಿ ತಾಯಿ. ಮನ್ಯಾಗೆ ಎರಡು ಹೆಣ್ಣುಮಕ್ಕಳು ಬೆಳೀತಾ ಅದಾವೆ. ನಾಳೆ ಅವೂ ಇದನ್ನೇ ಓದ್ತಾವೆ. ನೀನು ಓದಬ್ಯಾಡ ಅಂತ ನಾ ಯಾವತ್ತಾದ್ರೂ ಅಂದೀನೇನು? ಅಕ್ಕಿಯಾಗಿನ ಕಲ್ಲು ಆರಿಸಿದಂಗೆ ಆರಿಸಿ ಕೊಟ್ಟೀನಿ, ಅಷ್ಟೆ."

"ಕಲ್ಲು ಬಿಟ್ಟು ಅಕ್ಕಿ ಆರಿಸೀರಿ ಮಾವಾರೆ. ಹೊಡ್ತ ತಿಂದಿದ್ದು ಐತೆ, ಬಾವಿಗೆ ಬಿದ್ದಿದ್ದು ಐತೆ. ಒಬ್ಬಾಕಿ ಉಪ್ಪಿಟ್ಟು ತಿಂದಿದ್ದು ನಿಮಗೆ ಕಲ್ಲಾಗಿ ಕಾಣ್ತಾ?"

ಉತ್ತರ ಕೊಟ್ಟವರು ನನ್ನ ಗಂಡ. "ಹೋಗ್ಲಿ ಬಿಡು, ಹಿರೇರು ಅವ್ರು. ಏನೋ ನಾಕು ಹಾಳೆಗೆ ಇಷ್ಟು ಸಿಟ್ಟು ಮಾಡ್ಕೊಂತಾರೇನು?"

ಆ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. ನಾನು ತಿರುಗಿ ನೋಡಿದೆ. "ನಿಮಗೆ ಮೊದ್ಲೇ ಗೊತ್ತಿತ್ತೇನ್ರಿ?"

ಅವರು ಮಂಡಕ್ಕಿ ತಟ್ಟೆಯಲ್ಲಿ ಮೆಣಸಿನಕಾಯಿ ಹುಡುಕತೊಡಗಿದರು. ಗೊತ್ತಿತ್ತು. ಕಾಣದ ಕಳ್ಳನನ್ನು ನಾನು ಊಟಕ್ಕೆ ಬಡಿಸುತ್ತ ಬೈಯುವಾಗಲೆಲ್ಲ ಹೂಂ ಹೂಂ ಎಂದು ಕೇಳಿಸಿಕೊಂಡಿದ್ದರು. ವಾಚನಾಲಯದಲ್ಲಿ ನನ್ನನ್ನು ಕಳ್ಳಿ ಅಂದುಕೊಂಡಿದ್ದಾರೆ ಎಂದು ಹೇಳಿದೆ. ಮಾವನವರು ಮಡಚಿದ ಪೇಪರನ್ನು ಮತ್ತೆ ಬಿಡಿಸಿದರು. ಒಳಗಿಂದ ಹಿರಿಮಗಳು, ಎಂಟನೇ ಕ್ಲಾಸಿನವಳು, ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದಳು. ಅವಳನ್ನು ಒಳಗೆ ಹೋಗು ಎನ್ನಲಿಲ್ಲ.

ಮರುದಿನ ನಮ್ಮ ಬಡಾವಣೆಯ ವಾಚನಾಲಯಕ್ಕೆ ಹೋಗಿ ನನ್ನ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿದೆ. ಆ ಹೆಂಗಸಿಗೆ ನಡೆದದ್ದನ್ನೆಲ್ಲ ಹೇಳಿ, ಹಾಳಾದ ಪುಸ್ತಕಗಳನ್ನು ಒಂದೊಂದಾಗಿ ಕೊಡಿ, ಸರಿ ಮಾಡಿ ತರುತ್ತೇನೆ ಎಂದೆ. ಅವರು "ತಪ್ಪಾತ್ರಿ ಮೇಡಂ" ಎಂದು ಮೆಲ್ಲಗೆ ಹೇಳಿ ಮೊದಲ ಪುಸ್ತಕ ತೆಗೆದುಕೊಟ್ಟರು. ಅಲ್ಲಿಂದ ಎರಡು ತಿಂಗಳು ನಾನು ಹೊಸದೇನೂ ಓದಲಿಲ್ಲ. ಊಟದ ಬಿಡುವಿನಲ್ಲಿ ಹರಿಹರದ ವಾಚನಾಲಯದಲ್ಲಿ ಕೂತು, ಕಾಣೆಯಾದ ಪುಟಗಳನ್ನು ಬಿಳಿ ಹಾಳೆಯ ಮೇಲೆ ಕೈಯಿಂದ ಬರೆದುಕೊಂಡೆ. ಜೆರಾಕ್ಸ್ ಮಾಡಿಸಬಹುದಿತ್ತು, ಅಂಗಡಿ ಎದುರಿಗೇ ಇತ್ತು. ಮಾಡಿಸಲಿಲ್ಲ. ಆ ಮಾತುಗಳು ನನ್ನ ಕೈಯಿಂದ ಹೋಗಲಿ ಎನ್ನುವ ಹಟ. ಮನೆಗೆ ಬಂದು ನಡುಮನೆಯಲ್ಲಿ, ಮಾವನವರ ಕಣ್ಣೆದುರೇ, ಮೈದಾ ಅಂಟು ಮಾಡಿ ಹಾಳೆಗಳನ್ನು ಹಚ್ಚಿದೆ. ಹಿರಿಮಗಳು ಅಂಚು ಕತ್ತರಿಸಿ ಕೊಟ್ಟಳು. ಕೊಡುವ ಮೊದಲು ಒಂದೊಂದನ್ನೂ ಓದಿದಳು. ಅವಳೇನೂ ಹಾಳಾಗಲಿಲ್ಲ. "ಅವ್ವ, ಈಕಿ ಸೈಕಲ್ ಕಲಿಯೋದು ಎಷ್ಟು ಚಲೋ ಐತೆ" ಎಂದಳು, ಅಷ್ಟೇ. ಮಾವನವರು ಎದ್ದು ಹೊರಗೆ ಹೋದರು.

ಆ ದಿನಗಳಲ್ಲಿ ನಾನು ಅವರಿಗೆ ಬಿಸಿ ರೊಟ್ಟಿ ತಪ್ಪಿಸಲಿಲ್ಲ. ಸೊಸೆ ಸಿಟ್ಟಿಗೆ ಊಟ ಹಾಕಲಿಲ್ಲ ಎಂಬ ಮಾತು ಅವರಿಗೆ ಸಿಗಬಾರದಿತ್ತು. ಆದರೆ ಮಾತಾಡಲಿಲ್ಲ. ಅವರೂ ಆಡಲಿಲ್ಲ. ಬಂದವರ ಮುಂದೆ ನನ್ನ ಓದಿನ ಸುದ್ದಿ ನಿಂತುಹೋಯಿತು. ಗಂಡನ ಹತ್ತಿರ ಬೇಕಾದಷ್ಟೇ ಮಾತು. ಅವರು ಒಂದು ಸಂಜೆ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರು. ಮಕ್ಕಳು ತಿಂದವು.

ಉಳಿದದ್ದು ಹರಿಹರದಲ್ಲಿ ಸಿಗದ ಆ ಒಂದು ಪುಸ್ತಕ. ತುಂಗಭದ್ರೆಯ ದಂಡೆಯ ಹಳ್ಳಿಯೊಂದರ ಬಾಣಂತಿಯ ಕಥೆ. ನಾಲ್ಕು ಪುಟ ಇರಲಿಲ್ಲ. ವಿಚಾರಿಸಿದ ಕಡೆಯೆಲ್ಲ ಇಲ್ಲ ಎಂದರು. ಒಂದು ಬೆಳಿಗ್ಗೆ ಮಾವನವರು ಹಿತ್ತಿಲಲ್ಲಿ ಸ್ನಾನದ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಾಗ ಹೋಗಿ ಎದುರಿಗೆ ನಿಂತೆ.

"ಕೊಯ್ದ ಹಾಳೆ ಏನು ಮಾಡಿದ್ರಿ?"

ಅವರು ಒಲೆಯ ಕಡೆ ನೋಡಿದರು. ನನಗೆ ತಿಳಿಯಿತು.

"ಹಂಗಾದ್ರೆ ನೀವೇ ಹೇಳ್ರಿ. ನೀವು ಓದೀರಲ್ಲ. ಆ ನಾಕು ಪುಟದಾಗೆ ಏನಿತ್ತು?"

"ನೆಪ್ಪಿಲ್ಲ ನನಗೆ."

"ನೆಪ್ಪಿರದಂಥದ್ದಾಗಿದ್ರೆ ನೀವು ಬ್ಲೇಡ್ ತಗೋತಿರಲಿಲ್ಲ."

ಅವರು ಅಂದು ಹೇಳಲಿಲ್ಲ. ನಾನು ಮರುದಿನವೂ ಕೇಳಿದೆ. ಅದರ ಮರುದಿನವೂ. ನಾಲ್ಕನೇ ದಿನ, ಕಟ್ಟಿಗೆ ಕೈಯಲ್ಲೇ ಹಿಡಿದುಕೊಂಡು, ನನ್ನ ಮುಖ ನೋಡದೆ, ತಡೆದು ತಡೆದು ಹೇಳಿದರು.

"ಆಕಿ ಹೊಳೆಗೆ ಹೋಗ್ತಾಳೆ. ಕೂಸು ಅಳ್ತಿರ್ತದೆ, ಅತ್ತಿ ಹತ್ರ ಕೊಟ್ಟು ಹೋಗ್ತಾಳೆ."

"ಆಮೇಲೆ?"

"ನೀರಾಗೆ ಕಾಲು ಇಳಿಬಿಟ್ಕೊಂಡು ಕೂಡ್ತಾಳೆ. ಹೊತ್ತು ಇಳಿಯೋ ಮಟ."

"ಸಾಯಾಕೆ ಹೋಗಿರ್ತಾಳಾ?"

"ಇಲ್ಲ." ಕೈಯಲ್ಲಿದ್ದ ಕಟ್ಟಿಗೆಯನ್ನು ಒಲೆಗೆ ತಳ್ಳಿದರು. "ಸುಮ್ನೆ. ಹಾಡ್ತಾಳೆ. ಹೊಳೆಯಾಗೆ ಯಾರೂ ಇರಲ್ಲ, ಜೋರಾಗಿ ಹಾಡ್ತಾಳೆ."

"ಅಷ್ಟೇನಾ?"

"ಅಷ್ಟೆ."

ಅವರ ಕಣ್ಣು ಒದ್ದೆಯಾಗಿದ್ದವು. ಹೊಗೆಗೋ, ಇನ್ನೇತಕ್ಕೋ, ನಾನು ಕೇಳಲಿಲ್ಲ. ಕೇಳಿ ಸಮಾಧಾನ ಮಾಡುವ ಕೆಲಸವೂ ನನ್ನ ಮೇಲೆಯೇ ಬೀಳುತ್ತಿತ್ತು. ಒಳಗೆ ಹೋಗಿ, ಅವರು ಹೇಳಿದ ಮಾತನ್ನು ಅವರು ಹೇಳಿದ ಹಾಗೆಯೇ ಒಂದು ಹಾಳೆಯ ಮೇಲೆ ಬರೆದೆ. ಲೇಖಕರ ಭಾಷೆ ಅದಲ್ಲ, ಅಂದದ ಮಾತೂ ಅಲ್ಲ. ನಾಲ್ಕು ಪುಟದ ಜಾಗದಲ್ಲಿ ಆರು ಸಾಲು. ಕೆಳಗೆ, 'ಈ ಪುಟಗಳನ್ನು ಕತ್ತರಿಸಿದವರ ನೆನಪಿನಿಂದ ಬರೆದದ್ದು' ಎಂದು ಸೇರಿಸಿ, ಅಂಟು ಹಚ್ಚಿ, ಸೋಮವಾರ ವಾಚನಾಲಯಕ್ಕೆ ಕೊಟ್ಟು ಬಂದೆ.